ಚಾಚಾ ಹೊಡೆದುಹಾಕಿದ ಹೆಸರು

ಚಾಚಾರ ಬಲಗಿವಿ ಮುಂದಕ್ಕೆ ಬಾಗಿತ್ತು. ಶಿವಮೊಗ್ಗದ ಹೊರಗಿನ ಫೌಂಡ್ರಿಯಲ್ಲಿ ವರ್ಷಾನುಗಟ್ಟಲೆ ಎರಕದ ತುಂಡುಗಳನ್ನು ಸುತ್ತಿಗೆಯಿಂದ ತಟ್ಟಿ, ಕಿವಿಯೊಡ್ಡಿ ಕೇಳಿದವರು. ಟಣ್ ಎಂದರೆ ಗಟ್ಟಿ, ಟಪ್ ಎಂದರೆ ಒಳಗೆ ಬಿರುಕು. ಮಕ್ಕಳೇ, ನಿಮ್ಮ ಅಜ್ಜ ಹೋದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದ ನನಗೆ ಆ ವಿದ್ಯೆ ಕಲಿಸಿದವರು ಅವರೇ. ನಾವು ಆರು ಹೆಂಗಸರು. ಕಲಿಸುವಾಗ ನಮ್ಮ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. "ಕಣ್ಣು ಸುಳ್ಳು ಹೇಳುತ್ತೆ ಬೇಟಿ, ಕಬ್ಬಿಣ ಹೇಳಲ್ಲ" ಎನ್ನುವರು.

ಒಂದು ದಿನ ಮೂಲೆಯಲ್ಲಿ ಟಾರ್ಪಾಲು ಹೊದಿಸಿದ ಯಂತ್ರವೊಂದು ಬಂದು ಕೂತಿತು. ಎರಕದ ಒಳಗಿನ ಚಿತ್ರ ತೆಗೆದು ಬಿರುಕು ತೋರಿಸುತ್ತದಂತೆ. ಹದಿನೈದು ದಿನ ಯಾರೂ ಅದನ್ನು ಬಿಚ್ಚಲಿಲ್ಲ. ಪಕ್ಕದಲ್ಲಿ ಹಾಯುವಾಗ ನಮ್ಮ ದನಿ ತಾನಾಗಿ ತಗ್ಗುತ್ತಿತ್ತು. ಆಮೇಲೆ ನೋಟೀಸ್ ಬಂತು: ಅದರ ತರಬೇತಿಗೆ ನಮ್ಮ ವಿಭಾಗದಿಂದ ಒಬ್ಬರು. ಹಿರಿಯರೆಂದು ಆಫೀಸಿನವರು ಚಾಚಾ ಹೆಸರು ಬರೆದಿದ್ದರು. ಚಾಚಾ ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದರು. ನನ್ನನ್ನು ಕೇಳಲೂ ಇಲ್ಲ.

ನಮ್ಮಲ್ಲಿ ಅಲ್ಲಿಯವರೆಗೆ ಹೆಸರಿದ್ದ ನೋಟೀಸ್ ಎಂದರೆ ಕೆಲಸದಿಂದ ತೆಗೆಯುವ ನೋಟೀಸೇ.

"ಮಾರಾಯ್ತಿ, ತನ್ನ ತಲೆ ಉಳಿಸ್ಕೊಂಡು ನಿನ್ನ ತಲೆ ಕೊಟ್ನಲ್ಲೇ ಮುದುಕ! ಬಾಯಿಲ್ಲದೋಳು ಅಂತ ಗೊತ್ತು ಅವ್ನಿಗೆ" ಎಂದಳು ಪಕ್ಕದಲ್ಲಿ ಕೂರುತ್ತಿದ್ದವಳು.

ನಾನು ನಂಬಿದೆ. ಚಾಚಾರೂ ನನ್ನಂತೆ ಭದ್ರಾವತಿಯವರು. ಸಂಜೆ ಬಸ್ಸಿನಲ್ಲಿ "ಕಲೀತಿದ್ದೀಯಾ ಬೇಟಿ?" ಎಂದರೆ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಪರದೆಯ ಮೇಲಿನ ಬೂದು ಚಿತ್ರದಲ್ಲಿ ಯಾವುದು ಬಿರುಕು, ಯಾವುದು ಬರೀ ನೆರಳು ಎಂದು ಮೂರು ತಿಂಗಳು ಕಲಿತೆ, ಅವರನ್ನು ಶಪಿಸುತ್ತಲೇ.

ತರಬೇತಿ ಮುಗಿದ ವಾರ ಇನ್ನೊಂದು ನೋಟೀಸ್ ಬಂತು. ಕೆಲಸದಿಂದ ತೆಗೆದವರ ಪಟ್ಟಿ. ಉಳಿದ ಐವರು ಹೆಂಗಸರು, ಎಲ್ಲರಿಗಿಂತ ಮೇಲೆ ಚಾಚಾ. ನನ್ನ ಹೆಸರಿರಲಿಲ್ಲ.

ಭಾನುವಾರ ಅವರ ಮನೆಗೆ ಹೋದೆ. "ನಿಮ್ಮ ಸೀಟು ನಂಗ್ಯಾಕೆ ಕೊಟ್ರಿ ಚಾಚಾ?"

"ನಂದು ಇನ್ನೆರಡು ವರ್ಷ ಸರ್ವಿಸ್ ಇತ್ತು. ನಿಂದು ಹದಿನಾಲ್ಕು." ಚಹಾದ ಲೋಟ ನನ್ನ ಕೈಗಿಟ್ಟು ಹೇಳಿದರು: "ಆ ಮೆಷಿನ್ನೂ ಜಾಸ್ತಿ ದಿನ ಇರಲ್ಲ. ಅದನ್ನ ತೆಗೆಯೋ ಮೆಷಿನ್ನು ಈಗಾಗ್ಲೇ ಎಲ್ಲಿಂದಲೋ ಹೊರಟಿದೆ. ಅದು ಬರೋವರೆಗೆ ಕಾಯ್ಬೇಡ, ನಂಗೆ ಕಲಿಸಿ ಅಂತ ಮೊದ್ಲೇ ಕೇಳು."

ಕ್ಷಮೆ ಕೇಳಲು ಹೋದವಳು ಚಹಾ ಕುಡಿದು ಬಂದೆ. ಇನ್ನೊಮ್ಮೆ ಹೋದಾಗ ಕೇಳೋಣ ಎಂದುಕೊಂಡೆ. ಎರಡೇ ತಿಂಗಳಿಗೆ ಅವರು ತೀರಿಕೊಂಡರು.

ಈಗ ನಮ್ಮ ವಿಭಾಗದಲ್ಲಿ ನಾನೊಬ್ಬಳೇ. ಮೊನ್ನೆ ಯಾರೋ ಬಂದು ನನ್ನ ಕುರ್ಚಿಯ ಸುತ್ತ ನೆಲ ಅಳೆದು, ಹಳದಿ ಬಣ್ಣದಲ್ಲಿ ಯಂತ್ರವೊಂದು ಕೂರುವಷ್ಟು ಚೌಕ ಗುರುತು ಹಾಕಿ ಹೋದರು. ಏತಕ್ಕೆಂದು ಹೇಳಲಿಲ್ಲ. ನಾಳೆ ಆಫೀಸಿಗೆ ಹೋಗಿ ನಾನೇ ಕೇಳುತ್ತೇನೆ.