ಗುದ್ಲೆಪ್ಪನ ಅರ್ಧ ದುರ್ಬೀನು

ಹಾನಗಲ್ಲಿನಿಂದ ನಾಲ್ಕು ಮೈಲು ಈಚೆಗಿರುವ ಆ ಊರಿಗೆ ೧೯೫೯ರ ಜೂನಿನಲ್ಲಿ ಮಾಸ್ತರನಾಗಿ ಹೋದ ಈ ಲೇಖಕನಿಗೆ ಮೊದಲ ವಾರದಲ್ಲೇ ಒಬ್ಬ ಮಹಾತ್ಮ ಸಿಕ್ಕಿಬಿಟ್ಟ. ಹೊತ್ತು ಮೂಡುವಾಗೊಮ್ಮೆ, ಮುಳುಗುವಾಗೊಮ್ಮೆ, ಕೆರೆಯ ಏರಿಯ ಮೇಲೆ ಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೀರಿನ ಹಕ್ಕಿಗಳನ್ನೇ ದಿಟ್ಟಿಸುತ್ತಿದ್ದ ಮುದುಕ. ಮಾತಿಲ್ಲ, ಕತೆಯಿಲ್ಲ. ಪೇಟೆಯಲ್ಲಿ ನಾಲ್ಕಕ್ಷರ ಕಲಿತು ಬಂದವನಿಗೆ ಇಷ್ಟು ಸಾಲದೇ? ಇವನೊಬ್ಬ ಪಕ್ಷಿಪ್ರೇಮಿ, ಅರ್ಧ ಋಷಿ ಎಂದು ತೀರ್ಮಾನಿಸಿ, ಮರುದಿನವೇ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಸಾಲಾಗಿ ಏರಿಗೆ ನಡೆಸಿಕೊಂಡು ಹೋಗಿ, ಮುದುಕನಿಗೆ ನಮಸ್ಕಾರ ಮಾಡಿಸಿ, ನಿಸರ್ಗಪ್ರೇಮದ ಮೇಲೆ ಅರ್ಧ ತಾಸು ಮಾತಾಡಿದ್ದಾಯಿತು. ಎಲ್ಲ ಮುಗಿದ ಮೇಲೆ ಮುದುಕ ಬಾಯಿಬಿಟ್ಟ.

"ಮಾಸ್ತರ, ಹುಡುಗ್ರನ್ನ ಒಂಚೂರು ಬಾಜೂಕ ನಿಂದರಸ್ರಿ. ಕಾಣವಲ್ದು."

ಅದರಲ್ಲೂ ಏನೋ ಒಳಗಿನ ಅರ್ಥವಿದೆಯೆಂದು ಲೇಖಕ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಆ ಬುದ್ಧಿ ನೆಟ್ಟಗಾಗಲು ಒಂದೂವರೆ ವರ್ಷ ಬೇಕಾಯಿತು.

ಮುದುಕನ ಹೆಸರು ಗುದ್ಲೆಪ್ಪ. ಊರ ಕೆರೆಯ ನೀರಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಪಾಳಿ ನಡೆಸುವುದು ಅವನ ಕೆಲಸ. ಅದೆಲ್ಲ ಕೈಕೆಲಸ, ಯಾರೂ ಮಾಡಿಯಾರು. ಕಷ್ಟದ್ದು ಬೇರೆಯಿತ್ತು: ಭತ್ತ ಹಾಲುಗಾಳಾಗುವ ಹೊತ್ತಿಗೆ, ಮಳೆ ನಿಂತ ಮೇಲೆ, ಕೆರೆಯಲ್ಲಿ ಇನ್ನೆಷ್ಟು ದಿನದ ನೀರಿದೆ ಎಂದು ಅವನು ಹೇಳಬೇಕು. ತೂಬಿನ ಪಕ್ಕ ಒಂದು ಅಳತೆಗಲ್ಲಿತ್ತು, ನಿಜ. ಆದರೆ ಆ ಕಲ್ಲು ತನ್ನ ಬುಡದ ನೀರನ್ನು ಮಾತ್ರ ಬಲ್ಲದು. ಉಳಿದ ಕೆರೆಯೆಲ್ಲ ಹೂಳು ತುಂಬಿ, ಒಂದು ಕಡೆ ದಿಬ್ಬ, ಒಂದು ಕಡೆ ತಗ್ಗು. ಸುತ್ತ ನಡೆದು ಇಳಿದು ನೋಡೋಣವೆಂದರೆ ಅರ್ಧ ದಿನದ ಕೆಲಸ, ಮೊಣಕಾಲುಗಳು ಆ ಕೆಲಸಕ್ಕೆ ಹತ್ತು ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟಿದ್ದವು.

ಅದಕ್ಕೇ ಹಕ್ಕಿಗಳು. ದಂಡೆಯಲ್ಲಿ ತುರುತುರು ಓಡುವ ಸಣ್ಣವು ಇದ್ದಲ್ಲಿ ಬೆರಳುದ್ದ ನೀರು. ಬೆಳ್ಳಕ್ಕಿ ನಿಂತಲ್ಲಿ ಗೇಣು. ದೊಡ್ಡ ಕೊಕ್ಕರೆ ನಿಂತಲ್ಲಿ ಮೊಳ. ನಡುಗೆರೆಯ ದಿಬ್ಬದ ಮೇಲೆ ಬಾತುಗಳು ತೇಲುತ್ತಿದ್ದರೆ ಹತ್ತು ದಿನ ಚಿಂತೆಯಿಲ್ಲ. ಅಲ್ಲಿ ಯಾವುದಾದರೂ ಹಕ್ಕಿ ಕಾಲೂರಿ ನಿಂತಿತೋ, ಚಿಂತೆ ಶುರು. ಹಕ್ಕಿಯ ಕಾಲು ಎಷ್ಟು ಮುಳುಗಿದೆ, ಎಷ್ಟು ಹೊರಗಿದೆ ಎಂದು ಏರಿಯ ಮೇಲೆ ಕೂತೇ ನೋಡಿ ಗುದ್ಲೆಪ್ಪ ದಿನದ ಲೆಕ್ಕ ಹೇಳುತ್ತಿದ್ದ. ಮೂವತ್ತು ವರ್ಷ ಹೇಳಿದ್ದ. ಆ ಮಾತಿನ ಮೇಲೆ ಊರಿನ ಒಂದು ಕಟ್ಟಳೆ ನಿಂತಿತ್ತು. ಆರು ದಿನಕ್ಕಿಂತ ಹೆಚ್ಚು ನೀರಿದ್ದರೆ ಪಾಳಿ ತೂಬಿನ ಬಾಯಿಯಿಂದ ಕೆಳಗೆ ಇಳಿಯುತ್ತದೆ. ಕಡಿಮೆಯಿದ್ದರೆ ಕಟ್ಟಕಡೆಯ ಗದ್ದೆಯಿಂದ ಮೇಲಕ್ಕೆ ಏರುತ್ತದೆ. ಮೇಲಿನ ಗದ್ದೆಗಳು ಏರಿಯ ಬುಡದ ಜವುಗಿನಲ್ಲಿ ಹೇಗೋ ಬದುಕುತ್ತವೆ, ಕೆಳಗಿನವಕ್ಕೆ ಆ ಭಾಗ್ಯವಿಲ್ಲ.

೫೯ರ ಹಿಂಗಾರಿನಲ್ಲಿ ಗುದ್ಲೆಪ್ಪ ಎಡವಿದ. ಎಡಗಣ್ಣಿಗೆ ಪರೆ ಬಂದು ಎರಡು ವರ್ಷವಾಗಿತ್ತು. ಬಲಗಣ್ಣೂ ದೂರದ್ದನ್ನು ಕಂಡೂ ಕಾಣದ ಹಾಗೆ ನೋಡುತ್ತಿತ್ತು. ನಡುಗೆರೆಯಲ್ಲಿ ಕರಿ ಚುಕ್ಕೆಗಳು ಕಂಡವು. ಬಾತು, ತೇಲುತ್ತಿವೆ ಎಂದುಕೊಂಡ. ಹತ್ತು ದಿನವೆಂದ. ಅವು ಬಾತಲ್ಲ, ಡೊಂಕು ಕೊಕ್ಕಿನ ಕರಿ ಹಕ್ಕಿಗಳು, ಗಿಡ್ಡ ಕಾಲೂರಿ ಹಾಯಾಗಿ ನಿಂತಿದ್ದವು. ಐದನೆಯ ದಿನಕ್ಕೆ ತೂಬಿನಿಂದ ಕೆಸರು ಬಂತು. ಕಡೆಯ ಗದ್ದೆ ದುರಗವ್ವನದು. ಗಂಡನಿಲ್ಲದ ಹೆಣ್ಣುಮಗಳು, ಎರಡು ಮಕ್ಕಳು, ಅದೊಂದೇ ಗದ್ದೆ. ಸುಗ್ಗಿಯಾದ ಮೇಲೆ ಅವಳು ಜಗಳಕ್ಕೆ ಬರಲಿಲ್ಲ. ಒಂದು ಮೊರದ ತುಂಬ ಜೊಳ್ಳು ತಂದು ಗುದ್ಲೆಪ್ಪನ ಮನೆಯ ಕಟ್ಟೆಯ ಮೇಲಿಟ್ಟು ಹೋದಳು. ಗಾಳಿಗೆ ಜೊಳ್ಳೆಲ್ಲ ಹಾರಿಹೋಗಿ ಖಾಲಿ ಮೊರ ಉಳಿಯುವ ತನಕ ಅವನು ಅದರ ಪಕ್ಕ ಕೂತಿದ್ದ.

ಮರುವರ್ಷ ಕೆರೆ ಕಮಿಟಿಯ ಮುಂದೆ ನಿಂತು ಹೇಳಿದ.

"ನನ್ನ ಕಣ್ಣು ಸೋತಾವ್ರಿ. ಒಂದು ದುರ್ಬೀನು ಕೊಡಸ್ರಿ. ಇಲ್ಲಾ, ಬ್ಯಾರೆ ಮನಿಷ್ಯಾನ್ನ ನೋಡ್ರಿ."

ಕಮಿಟಿಯ ಚೇರ್ಮನ್ ಮೈಲಾರಲಿಂಗಪ್ಪಗೌಡರಿಗೆ ಮಾತಿನ ಹಿಂದಿನ ದಣಿವು ಕೇಳಿಸಲಿಲ್ಲ, ದುರ್ಬೀನೆಂಬ ಶಬ್ದ ಕೇಳಿಸಿತು. ಗೌಡರ ಗದ್ದೆ ತೂಬಿನ ಬಾಯಿಗೇ ಇತ್ತು, ಹಕ್ಕಿಯ ಕಾಲಿನ ಬಗ್ಗೆ ಅವರು ಎಂದೂ ತಲೆ ಕೆಡಿಸಿಕೊಂಡವರಲ್ಲ. ಆದರೆ ಕಮಿಟಿಗೆ ಕಾಗದಕ್ಕೆ ಒತ್ತುವ ಒಂದು ಠಸ್ಸೆ, ಒಂದು ಟೇಬಲ್ಲು, ಮೂರು ಕುರ್ಚಿ ಬಂದ ಮೇಲೂ ಏನೋ ಕೊರತೆಯಿದೆ ಎಂದು ಬಹಳ ದಿನದಿಂದ ಅನಿಸುತ್ತಿತ್ತು. ಈಗ ಅದು ಏನೆಂದು ಗೊತ್ತಾಯಿತು. ಹಿರೇಕೆರೂರಿನ ಬೀಗರ ಮನೆಯ ಅಟ್ಟದಲ್ಲಿ ಒಂದು ಹಿತ್ತಾಳೆಯ ದುರ್ಬೀನು ಮಲಗಿತ್ತು. ಮೂರು ಮಡಿಕೆ ಎಳೆದರೆ ಮೊಳಕ್ಕೂ ಉದ್ದ. ಹುಣಸೆಹುಳಿ ಹಚ್ಚಿ ತಿಕ್ಕಿಸಿ, ಕೆಂಪು ವಸ್ತ್ರದಲ್ಲಿ ಸುತ್ತಿಸಿ ತಂದರು.

ಗುದ್ಲೆಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗಿಟ್ಟ. ಒಂದು ದೊಡ್ಡ ಬಿಳಿ ಪುಕ್ಕ ಕಂಡಿತು. ಅದೂ ಗಡಗಡ ನಡುಗುತ್ತಿತ್ತು. ಪುಕ್ಕದಿಂದ ಕೆಳಗಿಳಿದು ಕಾಲು ಹುಡುಕುವಷ್ಟರಲ್ಲಿ ಬರೇ ನೀರು ಸಿಕ್ಕಿತು. ನೀರಿನಿಂದ ಮೇಲೆ ಹತ್ತಿದರೆ ಆಕಾಶ.

"ಏನ್ ಕಾಣ್ತೈತೋ?" ಗೌಡರು ಕೇಳಿದರು.

"ಪುಕ್ಕ ಕಾಣ್ತೈತ್ರಿ. ಕಾಲು ಸಿಗವಲ್ದು."

"ಪುಕ್ಕ ನೋಡೋ ಮಾರಾಯಾ! ಇಪ್ಪತ್ತು ಪಟ್ಟು ದೊಡ್ಡದು ತೋರಸ್ತೈತಿ ಇದು. ಕಾಲಾಗ ಏನೈತಿ ನೋಡೂವಂಥಾದ್ದು?"

"ಅದರಾಗ ಐತ್ರಿ," ಎಂದ ಗುದ್ಲೆಪ್ಪ. ಮೂರೂ ಮಡಿಕೆಗಳನ್ನು ಒಳಗೆ ದಬ್ಬಿದ. ಕೆಂಪು ವಸ್ತ್ರದಲ್ಲಿ ಸುತ್ತಿ ಗೌಡರ ಕೈಗೇ ಕೊಟ್ಟ.

ಸವಣೂರಿನ ವೀಳ್ಯದೆಲೆ ವ್ಯಾಪಾರದವರು ತಮ್ಮೂರಿನ ರಿಪೇರಿಯವನು ಹಯಾತನ ಅಂಗಡಿಯ ಹೆಸರು ಹೇಳಿದ್ದರು. ಗಡಿಯಾರ, ಕನ್ನಡಕ, ಬೀಗ, ಗ್ರಾಮಾಫೋನು, ಯಾವುದು ಕೆಟ್ಟರೂ ಅವನ ಕೈಗೇ ಬರಬೇಕಂತೆ. ಬೇರೆ ದುರ್ಬೀನಿನ ಬೆಲೆಗೆಂದು ಗುದ್ಲೆಪ್ಪ ಒಂದು ಚೀಲದಲ್ಲಿ ಹಳೇ ಅಕ್ಕಿ ಕಟ್ಟಿಕೊಳ್ಳುವಾಗ ಹೆಂಡತಿ ಹೊಳೆವ್ವ ಬಾಗಿಲಿಗೆ ಬಂದು ನಿಂತಳು.

"ಮೂವತ್ತು ವರ್ಸ ಕಟಿಗೊಂಡ ಹೇಣ್ತಿ ಮಾರಿ ನೆಟ್ಟಗ ನೋಡಿಲ್ಲ. ಕೊಕ್ಕರಿ ಕಾಲು ನೋಡಾಕ ದುರ್ಬೀನು ಬೇಕಂತ ಇವಂಗ."

"ನಿನ್ನ ಮಾರಿ ಕತ್ತಲದಾಗೂ ಗೊತ್ತಾಗ್ತೈತಿ ಬಿಡ."

"ಕೊಟ್ಟದ್ದನ್ನ ಇಟಗೊಂಡು ಸುಮ್ಕ ಕುಂದರಬಾರ್ದಾ? ಗೌಡ್ರು ತಂದದ್ದು ಥಳಾಥಳಾ ಹೊಳಿತೈತಿ."

"ಅದು ತಾನಽ ಕಾಣ್ತೈತಿ. ಬ್ಯಾರೇದು ತೋರಸೂದಿಲ್ಲ."

ಹೊಳೆವ್ವ ಚೀಲಕ್ಕೆ ಇನ್ನೆರಡು ಬೊಗಸೆ ಅಕ್ಕಿ ಹಾಕಿದಳು. ಕಟ್ಟೆಯ ಮೇಲಿನ ಆ ಮೊರವನ್ನು ಅವಳೂ ನೋಡಿದ್ದಳು.

ಶಿಗ್ಗಾಂವಿಯ ತನಕ ಒಂದು ಮೋಟಾರು. ಅಲ್ಲಿ ಬೇವಿನ ಮರದ ಕೆಳಗೆ ಎರಡು ತಾಸು. ಆಮೇಲೆ ಸವಣೂರಿಗೆ ಇನ್ನೊಂದು. ಮಧ್ಯಾಹ್ನ ಇಳಿದಾಗ ಗುದ್ಲೆಪ್ಪನ ಮೊಣಕಾಲುಗಳು ಮರಗಟ್ಟಿ ಹೋಗಿದ್ದವು. ಹಯಾತ ಮೂವತ್ತರ ಆಸುಪಾಸಿನವನು, ಕಣ್ಣಿಗೆ ಗಡಿಯಾರದವರ ಬಿಲ್ಲೆ ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದ. ಎರಡು ಕಣ್ಣಿನ ಜೋಡಿ ದುರ್ಬೀನನ್ನು ಎದುರಿಗಿಟ್ಟ.

"ಒಂದು ಕಣ್ಣಿಂದು ಸಾಕಪಾ," ಎಂದ ಗುದ್ಲೆಪ್ಪ. "ಇನ್ನೊಂದಕ್ಕ ಪರೆ ಬಂದೈತಿ. ಅರ್ಧಾ ಕೊಡ್ತಿ ಏನು?"

ಹಯಾತ ನಗಲಿಲ್ಲ. ಒಳಗೆ ಹೋಗಿ ಎರಡು ತಂದ. ಒಂದು ಗೇಣುದ್ದದ ಕರಿ ಕೊಳವೆ. ಅದೂ ಗೌಡರದ್ದರ ತಮ್ಮನೇ, ದೂರದ್ದನ್ನೆಲ್ಲ ಎಳೆದು ಮೂಗಿನ ಮೇಲೆ ತಂದಿಡುವಂಥದು. ಇನ್ನೊಂದು ನಿಜವಾಗಿಯೂ ಅರ್ಧವೇ. ಯಾವನೋ ಮಿಲಿಟರಿಯವನ ಜೋಡಿ ದುರ್ಬೀನು ಎತ್ತರದಿಂದ ಬಿದ್ದು ಎಡಭಾಗ ಪುಡಿಯಾಗಿತ್ತು. ಹಯಾತ ಬಲಭಾಗವನ್ನು ಗರಗಸದಲ್ಲಿ ಕೊಯ್ದು ಬಿಡಿಸಿ, ಕೊಯ್ದಲ್ಲಿ ಚರ್ಮ ಹೊಲಿದಿದ್ದ. ನೋಡಲು ಕಿವಿ ಕತ್ತರಿಸಿದ ನಾಯಿಯ ಹಾಗಿತ್ತು.

ಗಿರಾಕಿಗಳು ಸಾಮಾನ್ಯವಾಗಿ ಬಾಗಿಲಲ್ಲಿ ನಿಂತು ಎದುರಿನ ಅಂಗಡಿಯ ಬೋರ್ಡು ಓದಿ, ವಾಹ್ ಎಂದು ಕೊಳ್ಳುತ್ತಾರೆ. ಗುದ್ಲೆಪ್ಪನಿಗೆ ಓದಲು ಬರುತ್ತಿರಲಿಲ್ಲ. "ಇಲ್ಲೆ ಕೆರಿ ಎಲ್ಲೈತಿ?" ಎಂದ. ಹಯಾತ ಅಂಗಡಿಗೆ ಬೀಗ ಹಾಕಿ ಅವನನ್ನು ತಲಾಬಿನ ದಂಡೆಗೆ ಕರೆದೊಯ್ಯಬೇಕಾಯಿತು. ಆಚೆ ದಡದ ನೀರಿನಲ್ಲಿ ನಾಲ್ಕು ಎಮ್ಮೆಗಳಿದ್ದವು. ಗುದ್ಲೆಪ್ಪ ಕಲ್ಲಿನ ಮೇಲೆ ಕೂತು ಮೊದಲು ಕರಿ ಕೊಳವೆಯಲ್ಲಿ ನೋಡಿದ. ಆಮೇಲೆ ಅರ್ಧದ್ದರಲ್ಲಿ. ಮತ್ತೆ ಕೊಳವೆ. ಮತ್ತೆ ಅರ್ಧ. ಹೀಗೇ ಒಂದು ತಾಸು.

"ಏನ್ ಕಾಕಾ," ಎಂದ ಹಯಾತ. "ದುರ್ಬೀನು ತಗೊಳ್ಳಾಕ ಬಂದೀಯೋ, ಎಮ್ಮಿ ತಗೊಳ್ಳಾಕೋ?"

"ಅವು ನಿಂತಾವೋ ತೇಲಾಕತ್ತಾವೋ ನೋಡಾಕತ್ತೇನಿ."

"ನಿಂತ್ರೇನು, ತೇಲಿದ್ರೇನು? ಎಮ್ಮಿ ಎಮ್ಮೀನಽ."

"ನಿನಗ ಹಂಗಪಾ."

ಕೊಳವೆಯಲ್ಲಿ ಎಮ್ಮೆಯ ಕಣ್ಣಿನ ಪಿಸುರೂ ಕಾಣುತ್ತಿತ್ತು. ಎಮ್ಮೆ ಮಾತ್ರ ಕಾಣುತ್ತಿರಲಿಲ್ಲ. ಅರ್ಧದ್ದರಲ್ಲಿ ಎಮ್ಮೆ ಸಣ್ಣದಾಗಿಯೇ ಇತ್ತು, ಆದರೆ ಕೊಂಬಿನಿಂದ ಹೊಟ್ಟೆಯ ತನಕ, ಹೊಟ್ಟೆ ನೀರಿಗೆ ತಾಗುವ ಗೆರೆಯ ತನಕ, ಆಜುಬಾಜಿನ ಎರಡು ಎಮ್ಮೆಗಳ ಸಮೇತ ಒಂದೇ ನೋಟಕ್ಕೆ ಸಿಕ್ಕಿತು. ಒಂದೇ ಕೈಯಲ್ಲಿ ಹಿಡಿದರೂ ಅಷ್ಟಾಗಿ ನಡುಗಲಿಲ್ಲ. ಆದರೂ ಗುದ್ಲೆಪ್ಪ ಏಳಲಿಲ್ಲ.

"ಇನ್ನೇನು ಕಾಕಾ?"

"ಹೊತ್ತು ಮುಳುಗಲಿ. ಹಕ್ಕಿ ಕುಂದರೂದು ಆವಾಗನಽ."

ಹಯಾತ ನಿಟ್ಟುಸಿರು ಬಿಟ್ಟು ಬೀಡಿ ಹಚ್ಚಿ ಪಕ್ಕದಲ್ಲಿ ಕೂತ. ಮಬ್ಬಾಯಿತು. ಕೊಳವೆಯೊಳಗೆ ಕತ್ತಲು ತುಂಬಿತು. ಅರ್ಧದ್ದು ಅಗಲ ಬಾಯಿಯದು, ಇನ್ನೂ ಸ್ವಲ್ಪ ಹೊತ್ತು ಬೆಳಕು ಹಿಡಿದುಕೊಂಡಿತ್ತು. ಕಡೆಯ ಎಮ್ಮೆ ದಡಕ್ಕೆ ಹತ್ತಿದಾಗ ನಾಲ್ಕು ಕಾಲೂ ಕಂಡವು. "ಇದಽ ಇರಲಿ," ಎಂದು ಗುದ್ಲೆಪ್ಪ ಅಕ್ಕಿಯ ಚೀಲವನ್ನು ಹಯಾತನ ಕಡೆ ಸರಿಸಿದ.

ನವೆಂಬರಿನ ಒಂದು ಸಂಜೆ ಕಮಿಟಿ ಏರಿಯ ಮೇಲೆ ನೆರೆಯಿತು. ಭತ್ತ ಹಾಲುಗಾಳಾಗಿತ್ತು, ನೀರಿನ ಲೆಕ್ಕ ಹೇಳುವ ದಿನ. ಗೌಡರು ಹಿತ್ತಾಳೆಯದನ್ನು ತೂಬಿನ ಕಂಬದ ಮೇಲೆ ಇಡಿಸಿಕೊಂಡು, ರುಮಾಲು ಹಿಂದೆ ಸರಿಸಿ, ನಾಡನ್ನೇ ಗೆಲ್ಲಲು ಹೊರಟವರ ಹಾಗೆ ನಡುಗೆರೆಯ ಕರಿ ಚುಕ್ಕೆಗಳನ್ನು ನೋಡಿದರು. ಮಾಸ್ತರನಾದ್ದರಿಂದ ಈ ಲೇಖಕನೂ ಅಲ್ಲಿದ್ದ. ಕೆಳಗಿನ ಗದ್ದೆಯವರು ಒಂದು ಬದಿಗೆ ನಿಂತಿದ್ದರು. ಅವರ ಹಿಂದೆ ದುರಗವ್ವ.

"ಬಾತು!" ಎಂದರು ಗೌಡರು. "ತೇಲಾಕತ್ತಾವ. ಹತ್ತು ದಿನದ ನೀರು. ಪಾಳಿ ಮ್ಯಾಲಿಂದ ಬಿಡ್ರಿ."

ಗುದ್ಲೆಪ್ಪ ಕಂಬಳಿಯೊಳಗಿನಿಂದ ತನ್ನ ಅರ್ಧದ್ದನ್ನು ತೆಗೆದು ಉಸಿರು ಹಿಡಿದು ನೋಡಿದ.

"ನಿಂತಾವ್ರಿ."

"ಯಾವು?"

"ಎಲ್ಲಾವೂ. ಡೊಂಕು ಕೊಕ್ಕಿನವು. ಐದು ದಿನದ ನೀರು ಐತ್ರಿ. ಪಾಳಿ ಕೆಳಗಿಂದ."

"ಹ್ವಾದ ವರ್ಸನೂ ನೀನಽ ಹೇಳಿದ್ದಿ," ಎಂದರು ಗೌಡರು. "ಆವಾಗ ತೇಲಿದ್ವು. ಈಗ ನಿಂತಾವ. ನಿನ್ನ ಹಕ್ಕಿ ಭಾಳ ಶಾಣ್ಯಾ ಅದಾವ ಬಿಡು."

ನಾಲ್ಕು ಮಂದಿ ನಕ್ಕರು. ದುರಗವ್ವ ನಗಲಿಲ್ಲ. ಗುದ್ಲೆಪ್ಪ ಕೆರೆಯನ್ನೊಮ್ಮೆ, ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಕಂಬಳಿ ತೆಗೆದಿಟ್ಟ, ಕಚ್ಚೆ ಬಿಗಿದ. ನೆಟ್ಟಗೆ ದುರಗವ್ವನ ಹತ್ತಿರ ಹೋದ.

"ಹಿಡಕೋ ತಂಗಿ. ನೀರಾಗ ಬಿದ್ರ ಕೆಡ್ತೈತಿ."

ಅವಳ ಕೈಗೆ ದುರ್ಬೀನು ಕೊಟ್ಟು ಏರಿಯಿಂದ ಇಳಿದ. ಒಂದೊಂದು ಹೆಜ್ಜೆಗೂ ಕೆಸರಿನಿಂದ ಕಾಲು ಕೀಳುತ್ತ, ನಡುನಡುವೆ ನಿಂತು ಸೊಂಟ ಹಿಡಿದುಕೊಳ್ಳುತ್ತ ಹೋದ. ಅರ್ಧ ತಾಸಾಯಿತೋ ಏನೋ. ಸಣ್ಣದಾಗುತ್ತ ಆಗುತ್ತ ಅವನೂ ಒಂದು ಕರಿ ಚುಕ್ಕೆಯಾದ. ಪಕ್ಕದ ಚುಕ್ಕೆಗಳು ಎದ್ದು ಹಾರಿದವು, ಅವನೊಬ್ಬನೇ ಉಳಿದ.

"ಎಷ್ಟು ಐತ್ರಿ ನೀರು?" ಯಾರೋ ಗೌಡರನ್ನು ಕೇಳಿದರು.

ಗೌಡರು ಹಿತ್ತಾಳೆಯದನ್ನು ಅತ್ತಿತ್ತ ತಿರುಗಿಸಿದರು. "ಕಿವಿ ಕಾಣಾಕತ್ತೈತಿ," ಎಂದರು. ಇನ್ನೊಂದು ಸಲ ತಿರುಗಿಸಿ, "ಕಿವಿ ನೀರಿನ ಮ್ಯಾಲೆ ಐತಿ," ಎಂದು ಸೇರಿಸಿದರು.

ದುರಗವ್ವ ಅರ್ಧ ದುರ್ಬೀನನ್ನು ಮೊದಲು ತಿರುವುಮುರುವು ಹಿಡಿದಳು. ಆಮೇಲೆ ಸರಿಯಾಗಿ ಹಿಡಿದಳು. ಬಹಳ ಹೊತ್ತು ನೋಡಿದಳು.

"ಮಳಕಾಲು ಹೊರಗ ಐತಿ," ಎಂದಳು. ಮತ್ತೆ ಇನ್ನೂ ಗಟ್ಟಿಯಾಗಿ, "ಎರಡೂ ಮಳಕಾಲು ಹೊರಗ ಅದಾವ್ರೀ! ನೋಡಬರ್ರಿ ಬೇಕಾರ!"

ಒಬ್ಬೊಬ್ಬರಾಗಿ ಅವಳ ಕೈಯಿಂದ ಇಸಿದುಕೊಂಡು ನೋಡಿದರು. ಕಡೆಗೆ ಗೌಡರೂ ನೋಡಿದರು. ಪಾಳಿ ಕೆಳಗಿನಿಂದ ಎಂದು ಆಯಿತು. ಕಮಿಟಿಯ ಬುಕ್ಕಿನಲ್ಲಿ ಮಾತ್ರ, ಕಮಿಟಿಯ ದುರ್ಬೀನಿನಿಂದ ಪರಿಶೀಲಿಸಿ ಠರಾಯಿಸಲಾಯಿತು ಎಂದು ಬರೆಸಿದರು. ಯಾವ ದುರ್ಬೀನೆಂದು ಬರೆಸಲಿಲ್ಲ.

ಗುದ್ಲೆಪ್ಪ ಮರಳಿ ಬಂದಾಗ ಬೆಳಕು ಇಳಿದಿತ್ತು. ತೊಡೆಯ ತನಕ ಕೆಸರು. ಏರಿ ಹತ್ತಲಾಗದೆ ಎರಡು ಸಲ ಕೂತ. ಸುದ್ದಿ ಕೇಳಿ ಮನೆಯಿಂದ ಓಡಿಬಂದಿದ್ದ ಹೊಳೆವ್ವ ಕೈ ಹಿಡಿದೆಳೆದಳು. ದುರಗವ್ವ ಸೆರಗಿನಲ್ಲಿ ದುರ್ಬೀನು ಒರೆಸಿ ಅವನ ಮಡಿಲಲ್ಲಿಟ್ಟು, ತನ್ನ ಗದ್ದೆಯ ಮಡೆ ಬಿಡಿಸಿ ನೀರು ಹಾಯಿಸಲು ಸಲಿಕೆ ಹೆಗಲಿಗೇರಿಸಿ ಓಡಿದಳು. ಉಳಿದವರೂ ಚದುರಿದರು. ಗುದ್ಲೆಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತ, ಹಾರಿಹೋದ ಹಕ್ಕಿಗಳು ಮತ್ತೆ ಬಂದು ಇಳಿಯುವುದನ್ನು ನೋಡುತ್ತ ಕೂತ. ಆ ಮುಖ ನೋಡಿ ಈ ಲೇಖಕನಿಗೆ ಹೃದಯ ತುಂಬಿ ಬಂತು. ಟಿಪ್ಪಣಿ ಪುಸ್ತಕ ತೆಗೆದು ಪಕ್ಕದಲ್ಲಿ ಕೂತ.

"ಗುದ್ಲೆಪ್ಪನವರ, ಹಕ್ಕಿಗಳ ಮೇಲೆ ಇಷ್ಟೊಂದು ಪ್ರೀತಿ ನಿಮಗ ಹ್ಯಾಂಗ ಬಂತು?"

ಗುದ್ಲೆಪ್ಪ ಪುಸ್ತಕವನ್ನು ನೋಡಿದ, ಪೆನ್ಸಿಲನ್ನು ನೋಡಿದ, ತನ್ನ ಎರಡು ಕಾಲುಗಳನ್ನು ನೋಡಿದ.

"ಪ್ರೀತಿ ಎಲ್ಲೀದ್ರಿ ಮಾಸ್ತರ? ಅವು ನೀರಾಗ ನಿಂತ್ರ ನಾ ನಿಂದ್ರೂದು ತಪ್ಪತೈತಿ."