ಕಂಪೌಂಡರ ಖಾಲಿ ದೇವರ ಕೋಣೆ

ಮೊನ್ನೆ ಸೊಸೆ ಮೊಮ್ಮಗಳಿಗೆ ತಲೆಗೆ ನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಕೂದಲಿಗೆ ಹೊಗೆ ಕೊಡುತ್ತಿದ್ದಳು. ಆ ವಾಸನೆ ನಡುಮನೆಗೆ ಬಂದದ್ದೇ ತಡ, ಓದುತ್ತಿದ್ದ ಪತ್ರಿಕೆ ಮಡಿಸಿಟ್ಟೆ. ನಜರ್‌ಬಾದಿನ ವಠಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಂಪೌಂಡರು ನೆನಪಾದರು... ಅವರ ಕೋಟಿಗೆ ಇದೇ ವಾಸನೆ ಇತ್ತು. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ಔಷಧಿ ಬೆರೆಸಿ ನಿವೃತ್ತರಾದವರ ಮೈಯಿಂದ ಟಿಂಚರಿನ ವಾಸನೆ ಬರಬೇಕಲ್ಲವೇ? ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ನಾನು ಕಚೇರಿಯೊಂದರಲ್ಲಿ ಗುಮಾಸ್ತ. ಬಂದ ಅರ್ಜಿಯಲ್ಲಿ ಎಲ್ಲಿ ಸುಳ್ಳಿದೆ ಎಂದು ಹುಡುಕುವುದೇ ಕೆಲಸ. ಆ ಬುದ್ಧಿಯನ್ನು ಸಂಜೆ ಮನೆಗೂ ಹೊತ್ತು ತರುತ್ತಿದ್ದೆ. ಕಂಪೌಂಡರು ಸೋಮವಾರ ಈಶ್ವರನ ಗುಡಿಗೆ ಹೋಗುತ್ತಿದ್ದರು. ಗುರುವಾರ ದರ್ಗಾ, ಭಾನುವಾರ ಚರ್ಚು. ಮೂರೂ ಕಡೆ ಸಾಂಬ್ರಾಣಿ ಹಾಕುತ್ತಾರಾದ್ದರಿಂದ ಯಾವ ದಿನ ಎಲ್ಲಿಂದ ಬಂದರೆಂದು ಮೂಸಿ ತಿಳಿಯುವ ಹಾಗಿರಲಿಲ್ಲ. ಹಣೆಯಲ್ಲಿ ವಿಭೂತಿಯಿಲ್ಲ, ನಾಮವಿಲ್ಲ. ಮಾತು ನೋಡಿದರೆ ಒಮ್ಮೆ ನಮ್ಮವರ ಹಾಗೆ, ಒಮ್ಮೆ ಹಳ್ಳಿಯವರ ಹಾಗೆ. ಇಂಥವರ ಜಾತಿ ಏನೆಂದು ತಿಳಿಯುವುದು ಹೇಗೆ?

ನಾನು ಬಿಡುವ ಆಸಾಮಿಯೇ? ಅವರ ರೇಷನ್ ಅರ್ಜಿಯನ್ನು ನಾನೇ ಮೇಲೆ ಬಿದ್ದು ತುಂಬಿಕೊಟ್ಟೆ. ಅದರಿಂದ ಮನೆಯಲ್ಲಿ ಒಬ್ಬರೇ ಇದ್ದಾರೆ ಎನ್ನುವುದಷ್ಟೇ ತಿಳಿಯಿತು. ಉಪಾಕರ್ಮದ ದಿನ, ಜನಿವಾರ ಬದಲಾಯಿಸಲು ಮಠಕ್ಕೆ ಹೋಗುವಾಗ, ಅವರ ಬಾಗಿಲು ತಟ್ಟಿ "ಬರ್ತೀರಾ, ಒಟ್ಟಿಗೆ ಹೋಗೋಣ" ಎಂದೆ. ಅವರು ನಕ್ಕು, "ನೀವು ಹೋಗ್ಬನ್ನಿ. ನಂಗೂ ಒಂದು ನಮಸ್ಕಾರ ಹಾಕ್ಬುಡಿ" ಎಂದರು. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ದಾರಿಯುದ್ದಕ್ಕೂ ನನಗೆ ಮೈ ಉರಿಯುತ್ತಿತ್ತು.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ನನ್ನ ತಂಗಿ... ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ವಿಷಮಶೀತ ಜ್ವರಕ್ಕೆ ಕಳೆದುಕೊಂಡು, ಹತ್ತೊಂಬತ್ತಕ್ಕೆ ತವರಿಗೆ ಬಂದಿದ್ದಳು. ಆರು ತಿಂಗಳು ಒಂದು ಮಾತಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು, ಅದೂ ಅಮ್ಮ ಅತ್ತರೆ. ಕಂಪೌಂಡರು ಸಂಜೆ ತಮ್ಮ ಜಗಲಿಯ ಮೇಲೆ ಕಣ್ಣು ಮುಚ್ಚಿ ಅರ್ಧ ಗಂಟೆ ಕೂರುವುದು ವಾಡಿಕೆ. ಒಂದು ದಿನ ತಂಗಿ ಎದ್ದು ಹೋಗಿ ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಕೂತಳು. ಮಾರನೆಯ ದಿನವೂ ಹೋದಳು. ತಿಂಗಳಾಗುವುದರೊಳಗೆ ಅವಳು ಹುಳಿಗೆ ಉಪ್ಪು ಕಡಿಮೆಯಾಗಿದೆ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಮಾತ್ರ ನಿದ್ದೆಗೆಟ್ಟೆ. ಒಂಟಿ ಮುದುಕನಿಗೆ ನನ್ನ ತಂಗಿಯಲ್ಲೇನು ಕೆಲಸ? ಜಾತಿ ಕೆಡಿಸುವ ಹುನ್ನಾರವೋ, ಇನ್ನೂ ಹೊಲಸಾದದ್ದೋ? ಕಿಟಕಿಯ ಮರೆಯಲ್ಲಿ ನಿಂತು ಕದ್ದು ಕೇಳಿದೆ. ಕೇಳಲು ಏನಿತ್ತು? ಇಬ್ಬರೂ ಮಾತೇ ಆಡುತ್ತಿರಲಿಲ್ಲ. ಕೊನೆಗೆ ಅವರನ್ನೇ ನಲ್ಲಿಯ ಹತ್ತಿರ ತಡೆದು ಕೇಳಿದೆ.

"ನನ್ನ ತಂಗೀಗೆ ಏನು ಹೇಳ್ಕೊಡ್ತಿದೀರಿ?"

"ಹೇಳ್ಕೊಡೋಕೆ ನಂಗೇನ್ ಬರುತ್ತೆ? ಎದೆ ಮೇಲೆ ಕೈ ಇಟ್ಕೊಂಡು ಸುಮ್ನೆ ಕೂತ್ಕೊ ತಾಯಿ, ಒಳಗೊಬ್ರು ಇದಾರೆ, ನಿನ್ನ ದುಃಖ ಅವ್ರು ಕೇಳಿಸ್ಕೋತಾರೆ ಅಂದೆ. ಅಷ್ಟೇ ಕಣ್ರೀ."

"ಯಾರವರು? ಯಾವ ದೇವರು?"

"ನಾನೂ ಮೂರು ಕಡೆ ಹೋಗಿ ವಿಚಾರಿಸ್ದೆ" ಎಂದು ಕೊಡ ಎತ್ತಿಕೊಂಡರು. "ಹೆಸರು ಬೇರೆ ಬೇರೆ ಹೇಳಿದ್ರು. ಮನೆ ವಿಳಾಸ ಮಾತ್ರ ಎಲ್ರೂ ಎದೆಯದ್ದೇ ಕೊಟ್ರು."

ಈಗ ನೆನೆದರೆ ಎಂಥ ಮಾತು! ಆಗ ನನಗೆ ಅದು ನುಣುಚಿಕೊಳ್ಳುವವನ ಜಾಣತನವಾಗಿ ಕಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅವರು ಹೊರಗೆ ಹೋಗುವಾಗ ಬೀಗದ ಕೈಯನ್ನು ನಮ್ಮ ಅಮ್ಮನ ಹತ್ತಿರ ಬಿಡುತ್ತಿದ್ದರು. ಒಂದು ಗುರುವಾರ ಅಮ್ಮನಿಗೆ ತಿಳಿಯದ ಹಾಗೆ ಅದನ್ನು ತೆಗೆದುಕೊಂಡು ಒಳಗೆ ಹೋದೆ. ಒಂದು ತಟ್ಟೆ, ಒಂದು ಲೋಟ, ಗೂಟಕ್ಕೆ ಒಂದು ಅಂಗಿ. ದೇವರ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದೆ. ಪಟವಿಲ್ಲ, ಶಿಲುಬೆಯಿಲ್ಲ, ದೀಪವೂ ಇಲ್ಲ. ಸುಣ್ಣ ಬಳಿದ ಗೋಡೆ, ಒಂದು ಚಾಪೆ. ಬೇರೆ ಯಾರಾದರೂ ಆಗಿದ್ದರೆ ನಾಚಿ ಹಿಂದಿರುಗುತ್ತಿದ್ದರು. ನಾನು ಚಾಪೆ ಎತ್ತಿ ನೋಡಿದೆ. ಏನೂ ಸಿಗದ ಕಡೆ ಏನೋ ಇರಲೇಬೇಕು ಎಂದುಕೊಂಡು ಬಂದೆ.

ಆ ವಾರವೇ ವಠಾರದ ಯಜಮಾನರಿಗೆ ಒಂದು ಮೂಕರ್ಜಿ ಬರೆದೆ. ಸಹಿಯಿಲ್ಲದ ಅಂಥ ಅರ್ಜಿಗಳನ್ನು ಕಚೇರಿಯಲ್ಲಿ ದಿನವೂ ನೋಡುತ್ತಿದ್ದವನಿಗೆ ಒಕ್ಕಣೆ ಕಷ್ಟವಾಗಲಿಲ್ಲ: ಕುಲಗೋತ್ರ ಗೊತ್ತಿಲ್ಲದ ಮನುಷ್ಯ, ಎಲ್ಲರ ನಲ್ಲಿ ಮುಟ್ಟುತ್ತಾನೆ, ವಠಾರದ ಹೆಣ್ಣುಮಕ್ಕಳ ತಲೆ ಕೆಡಿಸುತ್ತಿದ್ದಾನೆ. ಯಜಮಾನರು ಮಹಾ ಮಡಿವಂತರು. ಆ ಕಾಗದವನ್ನು ಅಂಗಳದಲ್ಲಿ ಎಲ್ಲರೆದುರು ಕಂಪೌಂಡರ ಕೈಗೇ ಕೊಟ್ಟು, "ಇದಕ್ಕೇನಂತೀರಿ?" ಎಂದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಕಂಬದ ಹಿಂದಕ್ಕೆ ಸರಿದೆ.

ಡಾಕ್ಟರುಗಳ ಬರಹ ಓದಿ ಓದಿ ಪಳಗಿದ ಕಣ್ಣು ಅದು. ನನ್ನ ಅಕ್ಷರವನ್ನು ರೇಷನ್ ಅರ್ಜಿಯಲ್ಲಿ ಆಗಲೇ ಕಂಡಿತ್ತು. ಇದು ನನಗೆ ಬರೆಯುವಾಗ ಹೊಳೆದೇ ಇರಲಿಲ್ಲ. ಅವರು ಕಾಗದದಿಂದ ತಲೆಯೆತ್ತಿ ನೇರ ನನ್ನ ಕಡೆ ನೋಡಿದರು. ಕೋಪವಿರಲಿಲ್ಲ, ಅದೇ ನನಗೆ ಸಹಿಸಲಾಗಲಿಲ್ಲ. "ನಾಳೆ ಖಾಲಿ ಮಾಡ್ತೀನಿ ಸ್ವಾಮಿ" ಎಂದಷ್ಟೇ ಯಜಮಾನರಿಗೆ ಹೇಳಿ ಒಳಗೆ ಹೋದರು. ಮರುದಿನ ಕಚೇರಿಯಿಂದ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಹಿನಕಲ್ ಕಡೆ ಹೋದರೆಂದು ಒಬ್ಬರು, ಊರೇ ಬಿಟ್ಟರೆಂದು ಇನ್ನೊಬ್ಬರು...

ತಂಗಿ ಆ ಸಂಜೆ ಜಗಲಿಗೆ ಹೋಗಲಿಲ್ಲ. ಮತ್ತೆಂದೂ ಹೋಗಲಿಲ್ಲ. ಮೊದಲಿನಂತೆ ಮೂಕಿಯೂ ಆಗಲಿಲ್ಲ. ಅಡುಗೆ ಮಾಡಿದಳು, ನನ್ನ ಮದುವೆಯಲ್ಲಿ ಓಡಾಡಿದಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅವಳಿಗೇನೂ ಗೊತ್ತಿಲ್ಲವೆಂದು ನಾನು ನಂಬಿಕೊಂಡೆ. ಜೀವನದಲ್ಲಿ ಅನುಮಾನಪಡದೆ ನಾನು ನಂಬಿದ್ದು ಅದೊಂದನ್ನೇ.

ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ, ಇನ್ನು ತಡೆಯಲಾರದೆ ಹೇಳಿದೆ: "ಆ ಮೂಕರ್ಜಿ ಬರೆದದ್ದು ನಾನು ಕಣೇ."

"ಗೊತ್ತಣ್ಣ" ಎಂದಳು. "ಅವರು ಹೋಗೋ ಬೆಳಿಗ್ಗೆ ನಾನು ಅಳ್ತಾ ಕೇಳ್ದೆ, ಯಾರು ಬರೆದದ್ದು ಅಂತ. ಅವರಿಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ. ಹೇಳಿದ್ರು. ನಿಮ್ಮಣ್ಣನ ಮೇಲೆ ಕೋಪ ಇಟ್ಕೋಬೇಡ ತಾಯಿ, ಅದನ್ನ ಎದೇಲಿಟ್ಕೊಂಡು ಸುಮ್ನೆ ಕೂರೋಕಾಗಲ್ಲ ಅಂದ್ರು."

ನನಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನೀನು ಇಟ್ಕೊಳ್ಲಿಲ್ಲ ಅಲ್ವೇನೇ?" ಎಂದೆ.

"ಇಟ್ಕೊಂಡೆ" ಎಂದಳು. "ಅದಕ್ಕೇ ಆಮೇಲೆ ಒಂದು ದಿನವೂ ಕೂರೋಕಾಗ್ಲಿಲ್ಲ."

ಹದಿನೈದು ದಿನಕ್ಕೆ ಅವಳು ಹೋದಳು. ಕಂಪೌಂಡರು ಎಲ್ಲಿ, ಯಾವಾಗ ತೀರಿಕೊಂಡರೋ ತಿಳಿಯದು. ಇಷ್ಟು ವರ್ಷ ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ. ಈಗ ನಾನು ಕ್ಷಮಿಸಿ ಎಂದರೆ ಕೇಳಿಸಿಕೊಳ್ಳಬೇಕಾದ ಇಬ್ಬರೂ ಇಲ್ಲ.