ಸ್ಟಾರ್ಟರಿಗೆ ಸಿಕ್ಕಿಸಿದ ಹುಣಸೆ ಕಡ್ಡಿ

ಹೋದ ಸೋಮವಾರ ನಮ್ಮೂರಿನ ಕರೆಂಟು ಕಳೆದದ್ದು ಸಬ್‌ಸ್ಟೇಷನ್ನಿನ ಮಾದೇವ ಅಲ್ಲ. ನಾವೇ. ನಾನೂ ಸೇರಿ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವತ್ತು ಮಾದೇವನಿಗೆ ಬಾಯಿಗೆ ಬಂದ ಹಾಗೆ ಬೈದವರಲ್ಲಿ ಮೊದಲನೆಯವಳೂ ನಾನೇ. (ಅವನು ನನ್ನ ತಂಗಿಯ ಮಗ. ಬೈಯುವ ಹಕ್ಕು ಇತ್ತು.)

ಭಾನುವಾರ ನಾನೂ ಸೊಸೆ ಗೌರಿಯೂ ಒಂದು ಎಕರೆಗೆ ಟೊಮ್ಯಾಟೊ ಸಸಿ ನೆಟ್ಟಿದ್ದೆವು. ನೆಡುವಾಗ ಕೊಡದಲ್ಲಿ ಹೊತ್ತು ಗುಟುಕು ನೀರು ಕೊಟ್ಟದ್ದಷ್ಟೇ. ಸೋಮವಾರ ನೀರು ಹರಿಯದಿದ್ದರೆ ಸಸಿ ಹೋದ ಹಾಗೆಯೇ. ಬೇರೆ ಸಸಿ ಇಲ್ಲ.

ಬೆಳಿಗ್ಗೆ ಕರೆಂಟು ಹೋಯಿತು. ಬಂತು. ಪಂಪಿನ ಪೈಪು ಒಂದು ಸಲ ಕೆಮ್ಮುವಷ್ಟರಲ್ಲಿ ಮತ್ತೆ ಹೋಯಿತು. ಮೂರು ಸಲ ಇದೇ ಆಟ. ಹೋದ ವರ್ಷ ನಮಗೆ ಚಾಮರಾಜನಗರವೇ ಹೊಸ ಜಿಲ್ಲೆ ಆಯಿತು. ಕರೆಂಟು ಮಾತ್ರ ಹಳೇ ಜಿಲ್ಲೆಯದೇ!

ಪಕ್ಕದ ಹೊಲದ ಪುಟ್ಟಸ್ವಾಮಿ ಟ್ರ್ಯಾಕ್ಟರ್ ತೆಗೆದ. "ಅತ್ಕಳವ್ವೋ, ಓಗನ. ಇವತ್ತು ಅವನ ಕರೆಂಟು ಇಳಿಸ್ಬುಡನ."

ಸಬ್‌ಸ್ಟೇಷನ್ನಿನಲ್ಲಿ ಮಾದೇವ ತಿಂಡಿಯನ್ನೂ ತಿನ್ನದೆ ಕಪ್ಪು ಫೋನಿನ ಪಕ್ಕ ಕೂತಿದ್ದ.

"ಏನ್ಲಾ, ಕಣ್ಣಾಮುಚ್ಚಾಲೆ ಆಡ್ತಿದ್ದಯಾ? ಕರೆಂಟು ನಿಮ್ಮಪ್ಪಂದಾ?" ಅಂದೆ.

"ಬೈಯಿ ದೊಡ್ಡವ್ವ. ಬೈದ್ಬುಟ್ಟು ಇಲ್ಲಿ ನೋಡು."

ಗೋಡೆಯಲ್ಲಿ ಒಂದು ಮೀಟರು. ಅದರ ಮುಳ್ಳು ಐವತ್ತರ ಹತ್ತಿರ ನಿಲ್ಲಬೇಕಂತೆ. ನಾಲ್ಕು ರಾಜ್ಯಗಳಲ್ಲಿ ಕರೆಂಟು ಹುಟ್ಟಿಸುವ ಯಂತ್ರಗಳೆಲ್ಲ ಒಂದೇ ಲಯದಲ್ಲಿ ತಿರುಗುತ್ತವಂತೆ. ಎಳೆಯುವವರು ಹೆಚ್ಚಾದರೆ ಎಲ್ಲವೂ ಒಟ್ಟಿಗೇ ನಿಧಾನ ಆಗುತ್ತವಂತೆ. ಮುಳ್ಳು ಇಳಿಯುತ್ತದಂತೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ರಾಗಿ ಬೀಸಿದವಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಇಬ್ಬರು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುವಾಗ ಅದರ ಬಾಯಿಗೆ ಹಿಡಿಹಿಡಿಯಾಗಿ ರಾಗಿ ಬಿಡಬೇಕು. ಮೊರದಿಂದ ಒಂದೇ ಸಲ ಸುರಿದರೆ ಕಲ್ಲು ತಿಣುಕುತ್ತದೆ, ಇಬ್ಬರ ರಟ್ಟೆಯೂ ಒಟ್ಟಿಗೇ ಸೋಲುತ್ತದೆ. ಏನೂ ಹಾಕದಿದ್ದರೆ ಹುಚ್ಚು ಓಟ. ಕಲ್ಲಿನ ವೇಗ ನೋಡಿಕೊಂಡೇ ಕೈ ಬಿಡಬೇಕು. (ಗೌರಿಗೆ ಇದು ತಿಳಿಯದು. ಅವಳಿಗೆ ಗೊತ್ತಿರುವುದು ಮಿಲ್ಲು.)

"ಮುಳ್ಳು ನಲವತ್ತೆಂಟಕ್ಕೆ ಬಂದ್ರೆ ಮೇಲಿಂದ ಫೋನ್ ಬತ್ತದ, ಲೈನ್ ತಗಿ ಅಂತ. ಬೆಳಿಗ್ಗೆ ಅದಕ್ಕೇ ತಗ್ದೆ. ಏರಿದ್ಮೇಲೆ ಬುಟ್ಟೆ. ಬುಟ್ಟೇಟ್ಗೆ ನಿಮ್ ಮೋಟ್ರುಗಳೆಲ್ಲಾ ಒಂದೇ ಸಲ ಎದ್ದು ಎಳ್ದವು, ಇಲ್ಲಿ ಸ್ವಿಚ್ಚೇ ಬಿದ್ದೋಯ್ತು. ಮೂರು ಸಲಾನೂ ಅಷ್ಟೇಯ. ಸ್ಟಾಟ್ರಿಗೆಲ್ಲಾ ಕಡ್ಡಿ ಸಿಕ್ಸಿದ್ದರಿ, ನಾನೇನ್ ಮಾಡ್ಲಿ?"

ಪುಟ್ಟಸ್ವಾಮಿ ಚಾವಣಿ ನೋಡಿದ. ನಾನು ನೆಲ ನೋಡಿದೆ.

ಕಡ್ಡಿ ವಿಷಯ ನಿಜ. ಕರೆಂಟು ಹೋದರೆ ಮೋಟರಿನ ಸ್ಟಾರ್ಟರು ಬಿಟ್ಟುಕೊಳ್ಳುತ್ತದೆ. ಬಂದಾಗ ಹೋಗಿ ಹಸಿರು ಗುಂಡಿ ಒತ್ತಬೇಕು. ಹೊಲದ ತನಕ ಯಾರು ನಡೆಯುತ್ತಾರೆ? ಗುಂಡಿ ಒಳಗೇ ಇರಲಿ ಅಂತ ಒಂದು ಕಡ್ಡಿ ಸಿಕ್ಕಿಸಿಬಿಡುತ್ತೇವೆ, ಮೋಟರು ತಾನೇ ಏಳುತ್ತದೆ. ನಮ್ಮದು ಹುಣಸೆ ಕಡ್ಡಿ. ಕೆತ್ತಿದವಳು ನಾನೇ.

"ಎರಡು ಗಂಟೆಗೆ ಇನ್ನೊಂದ್ಸಲ ಬುಡ್ತೀನಿ. ಅಷ್ಟ್ರಲ್ಲಿ ಕಡ್ಡಿ ಕಿತ್ತು, ಒಬ್ರಾದ್ಮೇಲೆ ಒಬ್ರು ಹಾಕಳಿ" ಅಂದ ಮಾದೇವ.

ಊರಿಗೆ ಬಂದು ಹೇಳಿದರೆ? "ಮೊದ್ಲು ಅವ್ನು ತಗೀಲಿ." "ಅವ್ನು ತಗುದ್ರೆ ನಾನು." ಟ್ರ್ಯಾಕ್ಟರಿನಲ್ಲಿ ಜೊತೆಗೆ ಬಂದ ಪುಟ್ಟಸ್ವಾಮಿಯೂ ಅದೇ ರಾಗ: "ನಾನ್ ತಗುದ್ಬುಟ್ಟು, ಅವ್ರು ತಗೀದಿದ್ರೆ ಬಾಯಿ ಬಡ್ಕಳನಾ?"

ನನ್ನ ಸ್ಟಾರ್ಟರಿನ ಕಡ್ಡಿ ಕಿತ್ತು ತಂದು ಅವನ ಮುಂದೆ ಹಿಡಿದೆ. "ನೋಡ್ಲಾ, ಇದು ನಂದು. ಅಲ್ಲಿ ಒಂದೆಕ್ರೆ ಸಸಿ ಸಾಯ್ತಾವ. ನಂಗಿಂತ ಆತ್ರವಾ ನಿಂಗೆ? ಎಲ್ಲಾರೂ ಹಾಕಳಿ, ಕಡೇಗೆ ನಾನ್ ಹಾಕ್ತೀನಿ."

ಗೌರಿ ನನ್ನನ್ನು ನುಂಗುವ ಹಾಗೆ ನೋಡಿದಳು. ಆದರೆ ಕಡ್ಡಿಗಳು ಒಂದೊಂದಾಗಿ ಈಚೆಗೆ ಬಂದವು.

ಎರಡಕ್ಕೆ ಕರೆಂಟು ಬಂತು. ಕೆಳಗಿನ ಹೊಲದ ಮೋಟರು ಎದ್ದಿತು. ಅದರ ಸದ್ದು ಸಮ ಆದ ಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ನಮ್ಮ ಸರದಿ ಬರುವಷ್ಟರಲ್ಲಿ ಗೌರಿಯ ಬೆರಳಲ್ಲಿ ಉಗುರು ಉಳಿದಿರಲಿಲ್ಲ.

ಒತ್ತಿದೆ. ಪೈಪು ಕೆಮ್ಮಿತು. ಆಮೇಲೆ ತೋಳಿನ ದಪ್ಪ ನೀರು. ನಿಲ್ಲಲೇ ಇಲ್ಲ! ಐದು ಗಂಟೆಗೆ ಕೊನೇ ಸಾಲಿಗೂ ಮುಟ್ಟಿತು. ಹೊತ್ತು ಮುಳುಗುವ ಮುಂಚೆ ಸಸಿಗಳು ತಲೆ ಎತ್ತಿದ್ದವು. ಗೌರಿ ಬದುವಿನ ಮೇಲೆ ಕೂತು ಅಳತೊಡಗಿದಳು.

"ಸಾಕು ಏಳು ಕಣಮ್ಮಿ, ಉಪ್ನೀರು ಸಸಿಗಾಗದಿಲ್ಲ" ಅಂದೆ. ಅವತ್ತು ರಾತ್ರಿ ನನಗೂ ಹೊಟ್ಟೆ ತುಂಬ ಮುದ್ದೆ ಇಳಿಯಿತು.

ಮಾರನೆಯ ಬೆಳಿಗ್ಗೆ ಹುಣಸೆ ಕಡ್ಡಿಯನ್ನು ಒಲೆಗೆ ಹಾಕಿ ಕಾಫಿ ಕಾಯಿಸಿಕೊಂಡೆ. ಹೊಲಕ್ಕೆ ನಡೆದೆ. ಕರೆಂಟು ಬಂತು. ಪುಟ್ಟಸ್ವಾಮಿಯ ಮೋಟರು ಎದ್ದು ಸದ್ದು ಸಮ ಆಗುವ ತನಕ ಪಂಪ್‌ಹೌಸಿನ ಮುಂದೆ ಕೂತು ಒಂದು ಎಲೆಅಡಿಕೆ ಅಗಿದು ಉಗಿದೆ, ಆಮೇಲೆ ಗುಂಡಿ ಒತ್ತಿದೆ.